ಮೂರನೆಯ ಸುರುಳಿ ಬಿಚ್ಚಿದ ಬಗೆ

ಹುಬ್ಬಳ್ಳಿಯಲ್ಲಿ ವರದಿಗಾರನಾಗಿದ್ದ ಕಾಲದಲ್ಲಿ ಒಮ್ಮೆ ರದ್ದಿ ಕಾಗದದ ಗೋದಾಮಿಗೆ ಬೆಂಕಿ ಬಿದ್ದದ್ದನ್ನು ವರದಿ ಮಾಡಲು ಹೋಗಿದ್ದೆ. ಬೆಂಕಿ ಆರಿಸಿದ ಮೇಲೂ ಹೊಗೆ ಏಳುತ್ತಿತ್ತು. ಬಿಡಿ ಹಾಳೆಗಳೆಲ್ಲ ಬೂದಿಯಾಗಿದ್ದವು. ಹಗ್ಗದಿಂದ ಬಿಗಿದು ಕಟ್ಟಿದ್ದ ಕಟ್ಟುಗಳು ಮಾತ್ರ ಇದ್ದಿಲಿನ ದಿಮ್ಮಿಗಳಂತೆ ಉಳಿದಿದ್ದವು. ಮಾಲೀಕ ಒಂದನ್ನು ಸಲಾಕೆಯಿಂದ ಸೀಳಿದ. ಒಳಗಿನ ಹಾಳೆಯಲ್ಲಿ ಯಾವುದೋ ಸೀರೆ ಅಂಗಡಿಯ ಜಾಹೀರಾತು ಸ್ಪಷ್ಟವಾಗಿ ಕಂಡಿತು. ಓದಲೆಂದು ಬಗ್ಗಿದೆ. ಅಷ್ಟರಲ್ಲಿ ಅದು ಪುಡಿಯಾಗಿ ನನ್ನ ಚಪ್ಪಲಿಯ ಮೇಲೆ ಉದುರಿತು. ಸೀಳದೆ ಬಿಟ್ಟಿದ್ದರೆ ಆ ಜಾಹೀರಾತು ಅಲ್ಲೇ ಇರುತ್ತಿತ್ತು; ಇದೆಯೆಂದು ಮಾತ್ರ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಇದು ನನ್ನ ವರದಿಯಲ್ಲಿ ಬರಲಿಲ್ಲ. ಸುದ್ದಿಗೆ ಬೇಕಾದ ಸಂಗತಿಯಲ್ಲ ಅನಿಸಿತ್ತು. ಬಹಳ ವರ್ಷಗಳ ಮೇಲೆ ಸ್ವೀಡನ್ನಿನ ಗೋಥೆನ್‌ಬರ್ಗಿನ ನಮ್ಮ ಅಡುಗೆಮನೆಯಲ್ಲಿ, ಹೆಂಡತಿ ತನ್ನ ಕೆಲಸದ ಬಗ್ಗೆ ಮೊದಲ ಸಲ ವಿವರವಾಗಿ ಹೇಳಿದ ದಿನ ಅದು ನೆನಪಾಯಿತು.

ನನ್ನ ಹೆಂಡತಿ ಧಾರವಾಡದವಳು. ಎಕ್ಸ್‌ರೇ ಚಿತ್ರಗಳಿಂದ ಒಂದು ವಸ್ತುವಿನ ಒಳಗನ್ನು ಓದುವುದು ಅವಳ ವಿದ್ಯೆ. ಸ್ವೀಡನ್ನಿಗೆ ಡಾಕ್ಟರೇಟ್ ಮಾಡಲು ಬಂದವಳು ಅದು ಮುಗಿದ ಮೇಲೆ ಇಲ್ಲಿಯ ಒಂದು ಸಣ್ಣ ಸಂಗ್ರಹಾಲಯದ ಯೋಜನೆಗೆ ಸೇರಿಕೊಂಡಳು. ಅಷ್ಟು ಹೊತ್ತಿಗೆ ನಾನು ಉಪಸಂಪಾದಕನಾಗಿದ್ದ ಪತ್ರಿಕೆ ನಮ್ಮ ಆವೃತ್ತಿಯನ್ನೇ ನಿಲ್ಲಿಸಿತ್ತು. ಅವಳ ಕೆಲಸದ ಪರವಾನಗಿಯ ಆಸರೆಯಲ್ಲಿ ನಾನೂ ಮಗಳೂ ಬಂದೆವು. ಮಗಳು ಇಲ್ಲಿ ದಾಗಿಸ್ ಎಂದು ಕರೆಯುವ ಶಿಶುವಿಹಾರ ಸೇರಿ, ಅಲ್ಲಿಂದ ಶಾಲೆಗೆ ಹೋಗಿ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಸ್ವೀಡಿಷ್‌ನಲ್ಲಿ ಉತ್ತರ ಕೊಡಲು ಕಲಿತಳು. ನಾನು ಭಾಷೆಯ ತರಗತಿಗೆ ಹೋಗುತ್ತಿದ್ದೆ, ಅಡುಗೆ ಮಾಡುತ್ತಿದ್ದೆ.

ಸಂಗ್ರಹಾಲಯದಲ್ಲಿ ಮೂರು ಸುಟ್ಟ ಪಪೈರಸ್ ಸುರುಳಿಗಳಿದ್ದವು, ಜೊಂಡಿನ ಹಾಳೆಯ ಮೇಲೆ ಬರೆದು ಸುತ್ತಿಟ್ಟ ಪ್ರಾಚೀನ ಪುಸ್ತಕಗಳು. ಹಿಂದೆ ಹಡಗಿನ ವ್ಯಾಪಾರಿಯೊಬ್ಬ ಈಜಿಪ್ಟಿನಿಂದ ತಂದವು. ಯಾವುದೋ ಪ್ರಾಚೀನ ಬೆಂಕಿಯಲ್ಲಿ ಬೂದಿಯಾಗದೆ, ಗಾಳಿಯಾಡದ ಜಾಗದಲ್ಲಿ ಬೆಂದು ಕರಿಯಾದವು. ಮೊದಲನೆಯದನ್ನು ವ್ಯಾಪಾರಿಯೇ ಬಿಚ್ಚಿದ್ದ. ಊಟಕ್ಕೆ ಕರೆದ ಅತಿಥಿಗಳೆದುರು ಕಾಗದ ಕತ್ತರಿಸುವ ಚಾಕುವಿನಿಂದ ಉದ್ದಕ್ಕೆ ಸೀಳಿದನಂತೆ. ಅದರಲ್ಲಿ ಈಗ ಉಳಿದಿರುವುದು ಒಂದು ಗಾಜಿನ ಡಬ್ಬಿಯ ತಳದಲ್ಲಿರುವ ಕಪ್ಪು ಪುಡಿ. ಎರಡನೆಯದನ್ನು ಆಮೇಲಿನ ಕಾಲದ ಒಬ್ಬ ತಜ್ಞ ಬಿಚ್ಚಿದ್ದ. ಅವನು ಅವಸರದವನಲ್ಲ. ಸುರುಳಿಯ ಬೆನ್ನಿಗೆ ತೆಳುವಾದ ಚರ್ಮ ಅಂಟಿಸಿ, ಅದಕ್ಕೆ ರೇಷ್ಮೆ ಎಳೆ ಕಟ್ಟಿ, ಮೇಲಿನಿಂದ ತೂಗುಹಾಕಿ, ದಿನಕ್ಕೆ ಕೂದಲೆಳೆಯಷ್ಟು ಎಳೆದ. ಪಟ್ಟಿ ಪಟ್ಟಿಯಾಗಿ ಎದ್ದು ಬಂತು. ಆದರೆ ಒಂದು ಸುತ್ತಿನ ಚೂರು ಇನ್ನೊಂದು ಸುತ್ತಿಗೆ ಅಂಟಿಕೊಂಡು ಬಂದದ್ದರಿಂದ ಯಾವ ಅಕ್ಷರ ಯಾವ ಸಾಲಿನದು ಎಂದು ಇವತ್ತಿಗೂ ಯಾರೂ ಹೇಳಲಾರರು. ಮೂರನೆಯದಕ್ಕೆ ಕೈ ಹಾಕುವ ಮೊದಲೇ ಅವನು ತೀರಿಕೊಂಡ. ಹಾಗಾಗಿ ಅದು ಉಳಿಯಿತು.

ನನ್ನ ಹೆಂಡತಿಗೆ ಬೇಕಾಗಿದ್ದು ಒಂದೇ. ಮೂರನೆಯ ಸುರುಳಿಯನ್ನು ಬಿಚ್ಚದೆ ಓದಬೇಕು.

ಇಂಥ ಸುರುಳಿಗಳ ಕಥೆಯೇ ಹೀಗೆ ಎಂದು ಅವಳು ಹೇಳುತ್ತಿದ್ದಳು. ಇಟಲಿಯಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತಿದ್ದ ಒಂದು ಮನೆಯಲ್ಲಿ ಗ್ರೀಕ್ ಸುರುಳಿಗಳ ಇಡೀ ಗ್ರಂಥಭಂಡಾರವೇ ಸಿಕ್ಕಿತ್ತು. ಅದನ್ನು ಮೊದಲು ಕಂಡ ಕೆಲಸದಾಳುಗಳು ಇದ್ದಿಲೆಂದು ಕೆಲವನ್ನು ಎಸೆದರಂತೆ. ಪುಸ್ತಕವೆಂದು ತಿಳಿದ ಮೇಲೆ ಬಲ್ಲವರು ಬಂದರು. ಬಲ್ಲವರಿಂದ ಆದ ಹಾನಿ ಹೆಚ್ಚು. ಒಬ್ಬ ಪಾದರಸ ಸುರಿದ. ಇನ್ನೊಬ್ಬ ಗುಲಾಬಿ ನೀರಿನಲ್ಲಿ ನೆನೆಸಿದ. ಚಾಕುವಿನಿಂದ ಎರಡು ಹೋಳು ಮಾಡುವುದಂತೂ ಕ್ರಮವೇ ಆಗಿಬಿಟ್ಟಿತ್ತು.

"ಹೋಳಿನೊಳಗ ಒಂದ ಪದರ ಕಾಣ್ತದ. ಅದನ್ನ ನೋಡಿ ಚಿತ್ರಾ ಬರಕೊಳ್ಳೂದು. ಆಮ್ಯಾಲ ಆ ಪದರ ಕೆರದ ಒಗಿಯೂದು, ಮುಂದಿಂದು ನೋಡೂದು. ಹಿಂಗ ಕಡೀತನಕ" ಎಂದಳು, ಮೆಂತ್ಯಸೊಪ್ಪು ಬಿಡಿಸುತ್ತ.

"ಮೂಲ?"

"ಮೂಲ ಎಲ್ಲಿಂದ ಬಂತ್ರೀ? ಕಸಬರಗಿ ತಗೊಂಡ ಬಳದಿರ್ತಾರ. ಇನ್ನೊಂದ ಕೇಳ್ರಿ. ಚಿತ್ರಾ ಬರಕೊಳ್ಳಾವರಿಗೆ ಗ್ರೀಕ್ ಬರ್ತಿದ್ದಿಲ್ಲಂತ. ಬಂದ್ರ ತಮ್ಮ ಬುದ್ಧಿ ಸೇರಸ್ತಾರಂತ ಅಂಥಾವರನ್ನ ಇಟ್ಟಿದ್ರಂತ."

ಅದು ನನಗೆ ಅರ್ಥವಾಯಿತು. ನಮ್ಮ ಪತ್ರಿಕೆಯಲ್ಲೂ ಅರ್ಥ ನೋಡದೆ ಅಕ್ಷರ ಮಾತ್ರ ನೋಡಿ ಟೈಪು ಮಾಡುವವರ ಪ್ರತಿಯಲ್ಲಿ ತಪ್ಪು ಕಡಿಮೆ ಇರುತ್ತಿತ್ತು. ಬುದ್ಧಿವಂತರು ತಿದ್ದಿ ಕೆಡಿಸುತ್ತಿದ್ದರು.

ಮೊದಲ ಪರೀಕ್ಷೆಗೆ ಅವಳು ಸುರುಳಿಯನ್ನು ಒಂದು ಸಾಧಾರಣ ಸ್ಕ್ಯಾನ್ ಯಂತ್ರದಲ್ಲಿಟ್ಟಳು. ಅದರ ಅಡ್ಡಸೀಳಿನ ಚಿತ್ರವನ್ನು ಫೋನಿನಲ್ಲಿ ತೋರಿಸಿದಾಗ ಎಣ್ಣೆಗೆ ಬಿಡುವಾಗ ಸೊಟ್ಟಗಾದ ಚಕ್ಕುಲಿಯಂತೆ ಕಂಡಿತು. ಸುತ್ತುಗಳು ಕೆಲವೆಡೆ ಅಂಟಿಕೊಂಡಿದ್ದವು, ಕೆಲವೆಡೆ ಬಾಯಿಬಿಟ್ಟಿದ್ದವು. ಆದರೆ ಬಿಡಿಬಿಡಿಯಾಗಿ ಎಣಿಸಬಹುದಿತ್ತು. ಅಕ್ಷರ ಮಾತ್ರ ಕಾಣಲಿಲ್ಲ. ಮಸಿಯೂ ಇಂಗಾಲ, ಸುಟ್ಟ ಪಪೈರಸ್ಸೂ ಇಂಗಾಲ. ಒಂದನ್ನೊಂದು ಬೇರೆ ಮಾಡಲು ಆ ಯಂತ್ರದ ಕಣ್ಣು ಸಾಲದು. ಸ್ವೀಡನ್ನಿನ ದಕ್ಷಿಣದ ಇನ್ನೊಂದು ಊರಿನಲ್ಲಿ ಬಹಳ ಬಲವಾದ ಎಕ್ಸ್‌ರೇ ಕೊಡುವ ದೊಡ್ಡ ಯಂತ್ರವಿತ್ತು. ಅವಳು ಅರ್ಜಿ ಹಾಕಿದಳು. ಬರುವ ವಸಂತಕ್ಕೆ ಸರದಿ ಸಿಕ್ಕಿತು. ಆ ದಿನ ನಮ್ಮೂರಿನದೇ ಲಿಂಡ್‌ಹೋಲ್ಮೆನ್ ಭಾಗದಲ್ಲಿ ಕಾರಿನ ಸಾಫ್ಟ್‌ವೇರ್ ಕೆಲಸ ಮಾಡುವ ಬೆಂಗಳೂರಿನ ಗೆಳೆಯನನ್ನು ಊಟಕ್ಕೆ ಕರೆದೆವು.

"ಮೇಡಂ, ಅದರೊಳಗೆ ಏನಿರಬಹುದು ಅಂತ ನಿಮ್ ಗೆಸ್?" ಎಂದ ಅವನು.

"ಗೊತ್ತಿಲ್ಲ. ಅದಕ್ಕೇ ನೋಡ್ಬೇಕು." ಹೊರಗಿನವರ ಎದುರು ಅವಳ ಧಾರವಾಡ ಸ್ವಲ್ಪ ಹಿಂದೆ ಸರಿದು ಬೆಂಗಳೂರು ಮುಂದೆ ಬರುತ್ತಿತ್ತು.

"ನಾನ್ ಹೇಳ್ಲಾ? ಮೀಟಿಂಗ್ ಮಿನಿಟ್ಸ್. ಎರಡು ಸಾವಿರ ವರ್ಷದ ಹಿಂದಿನ ಯಾವ್ದೋ ಆಫೀಸಿನ ಮೀಟಿಂಗ್ ಮಿನಿಟ್ಸ್. ಅದನ್ನ ಓದೋಕೆ ನೀವು ಎಕ್ಸ್‌ರೇ ಹೊಡೀತಾ ಇದೀರ!"

"ನಿಮ್ ಕೋಡ್‌ನ ಎರಡು ವರ್ಷ ಆದ್ಮೇಲೆ ಯಾರಾದ್ರೂ ಓದ್ತಾರಾ?"

"ಎರಡು ವರ್ಷ ಯಾಕೆ, ಈಗ್ಲೇ ಯಾರೂ ಓದಲ್ಲ" ಎಂದು ಅವನೇ ಮೊದಲು ನಕ್ಕ.

ಅಡಚಣೆ ಒಂದೇ ಇತ್ತು. ಸಂಗ್ರಹಾಲಯದ ಯೋಜನೆ ವಸಂತಕ್ಕೂ ಮೊದಲೇ, ಆ ವರ್ಷದ ಕೊನೆಗೆ ಮುಗಿಯುವುದರಲ್ಲಿತ್ತು. ಮುಗಿಯುವಾಗ ಒಂದು ಪ್ರದರ್ಶನ ಇಡಬೇಕು, ಪ್ರದರ್ಶನದಲ್ಲಿ ತೋರಿಸಲು ಏನಾದರೂ ಇರಬೇಕು. ಯೋಜನೆಯ ಮುಖ್ಯಸ್ಥ ನಿವೃತ್ತಿಗೆ ಹತ್ತಿರವಿದ್ದ, ಮೆಲುದನಿಯ ಮನುಷ್ಯ. ಇಲ್ಲಿಯ ರೂಢಿಯಂತೆ ಎಲ್ಲರೂ ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನ್ನ ಹೆಂಡತಿಗೆ ಅದು ಕೊನೆಯವರೆಗೂ ಬಾಯಿಗೆ ಬರಲಿಲ್ಲ. ಕಚೇರಿಯಲ್ಲಿ ಅವನನ್ನು ಏನೂ ಕರೆಯದೆ ಎದುರಿಗೆ ಹೋಗಿ ನಿಲ್ಲುತ್ತಿದ್ದಳು. ಮನೆಯಲ್ಲಿ "ಸರ್" ಎನ್ನುತ್ತಿದ್ದಳು.

ಶರತ್ಕಾಲದ ಒಂದು ಮಧ್ಯಾಹ್ನ ಫೀಕಾದ ಹೊತ್ತಿನಲ್ಲಿ, ಅಂದರೆ ಎಲ್ಲರೂ ಕೂತು ಕಾಫಿ ಕುಡಿಯುವ ಹೊತ್ತಿನಲ್ಲಿ, ಅವನು ಒಂದು ಸಲಹೆ ಇಟ್ಟ. ಈಗ ಒಳ್ಳೆಯ ಜೆಲ್ ಬಂದಿದೆ. ಅದನ್ನು ಸವರಿ ಮೃದು ಮಾಡಿ, ಹೊರಗಿನ ಕೆಲವು ಸುತ್ತುಗಳನ್ನು ಮಾತ್ರ ಎಬ್ಬಿಸಿದರೆ ಹೇಗೆ? ಒಳಗಿನದು ಹಾಗೇ ಇರುತ್ತದೆ, ವಸಂತದಲ್ಲಿ ಸ್ಕ್ಯಾನ್ ಮಾಡಬಹುದು. ಹೀಗೆ ಹೇಳಿ ಮೇಜಿನ ಸುತ್ತ ಒಬ್ಬೊಬ್ಬರನ್ನೂ ಹೆಸರು ಕರೆದು, ನಿನಗೇನನ್ನಿಸುತ್ತದೆ ಎಂದು ಕೇಳುತ್ತ ಬಂದ.

ಅದನ್ನು ಅವಳು ಅಂದು ಸಂಜೆ ಹೇಳಿದಳು.

"ನೀ ಏನಂದಿ?" ಎಂದೆ.

"ಏನೂ ಅನ್ನಲಿಲ್ಲ. ಕಾಫಿ ಕಪ್ಪು ನೋಡ್ಕೋತ ಕೂತೆ."

"ಒಳಗಿನ ಸುತ್ತು ಉಳೀತಾವೇನು?"

"ಹೆಂಗ ಉಳೀತಾವ್ರೀ? ಹೊರಗಿನ ಸುತ್ತ ಎಬ್ಬಿಸಿದ್ರ ಒಳಗಿಂದು ಸಡಲ್ತದ. ಚಿತ್ರದಾಗ ಎಲ್ಲೆಲ್ಲಿ ಅಂಟ್ಯಾವ ಅಂತ ನೋಡೀವಲ್ಲ. ಆದ್ರ ಅಷ್ಟ ಮಂದೀ ಮುಂದ ಸರ್‌ಗೆ ತಪ್ಪ ಅಂತ ಹೆಂಗ ಅನ್ನೂದು? ನಾಳೆ ಅವರ ಖೋಲಿಗೆ ಹೋಗಿ ಸಾವಕಾಶ ಹೇಳ್ತೀನಿ."

ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಪತ್ರಿಕೆಯ ಸಂಪಾದಕೀಯ ಸಭೆಯಲ್ಲಿ ಸಂಪಾದಕರ ಮಾತನ್ನು ತಡೆದವರನ್ನು ನಾನು ನೋಡಿಲ್ಲ. ಸಭೆಯ ತೀರ್ಮಾನ ಹಾಗೆಯೇ ಮರುದಿನದ ಪುಟಕ್ಕೆ ಬಂದದ್ದನ್ನೂ ಅಪರೂಪಕ್ಕೆ ನೋಡಿದ್ದೇನೆ. ನಡುವೆ ಸಂಪಾದಕರ ಕ್ಯಾಬಿನ್ ಇರುತ್ತಿತ್ತು. ಒಬ್ಬೊಬ್ಬರಾಗಿ ಒಳಗೆ ಹೋಗಿ, ಬಾಗಿಲು ಎಳೆದುಕೊಂಡು, "ಸರ್, ಸಭೇಲಿ ಹೇಳೋದು ಬೇಡ ಅನ್ನಿಸ್ತು..." ಎಂದು ಶುರುಮಾಡುತ್ತಿದ್ದೆವು. ಸಂಪಾದಕರೂ ಅದಕ್ಕೆಂದೇ ಕಾದಿರುತ್ತಿದ್ದರು. ಅವರ ಮಾನ ಉಳಿಯುತ್ತಿತ್ತು, ಸುದ್ದಿಯೂ ಸರಿಹೋಗುತ್ತಿತ್ತು. ಸ್ವೀಡನ್ನಿಗೆ ಬರುವ ಮೊದಲು ಅವಳಿಗಿದ್ದ ಧಾರವಾಡದ ಗೈಡ್ ಕೂಡ ಅಂಥವರೇ. ಎಲ್ಲರೆದುರು ಎದುರಾಡಿದರೆ ವರ್ಷವಿಡೀ ಮುನಿಸಿಕೊಳ್ಳುವವರು, ಒಬ್ಬರೇ ಇದ್ದಾಗ ಹೇಳಿದರೆ ಇಡೀ ಅಧ್ಯಾಯ ಬದಲಿಸುವವರು.

ಮರುದಿನ ಅವಳು ಮುಖ್ಯಸ್ಥನ ಕೋಣೆಗೆ ಹೋದಳು. ಚಕ್ಕುಲಿಯ ಚಿತ್ರಗಳನ್ನು ಮುಂದಿಟ್ಟು, ಎಲ್ಲಿ ಅಂಟಿದೆ, ಎಲ್ಲಿ ಬಿರಿದಿದೆ, ಎಬ್ಬಿಸಿದರೆ ಎಲ್ಲಿಂದ ಒಡೆಯುತ್ತದೆ ಎಂದು ತೋರಿಸಿದಳು. ಅವನು ತಡೆಯದೆ ಕೇಳಿದ. ನಡುನಡುವೆ ಬರೆದುಕೊಂಡ. ಕೊನೆಗೆ, ಇಷ್ಟು ಯೋಚಿಸಿ ಬಂದು ಹೇಳಿದ್ದಕ್ಕೆ ಧನ್ಯವಾದ ಎಂದು ಬಾಗಿಲವರೆಗೆ ಬಂದು ಕಳಿಸಿದ. ಮನೆಗೆ ಬಂದವಳು ಕೋಟು ಬಿಚ್ಚುವ ಮೊದಲೇ ಹೇಳಿದಳು:

"ಆತು. ಪೂರಾ ಕೇಳಿದ್ರು. ಇನ್ನ ಅದು ನಿಂತ್ಹಂಗ."

ಆ ಭಾನುವಾರ ಅವಳು ಹೋಳಿಗೆ ಮಾಡಿದಳು. ಮಗಳು ಸ್ವೀಡಿಷ್‌ನಲ್ಲೇ ಇನ್ನೊಂದು ಕೇಳಿದಳು, ಇವಳು ಕೊಟ್ಟಳು.

ಮುಂದಿನ ವಾರ ಎಲ್ಲರ ಕ್ಯಾಲೆಂಡರಿಗೂ ಒಂದು ಆಹ್ವಾನ ಬಂತು. ಮೂರನೆಯ ಸುರುಳಿಯ ಹೊರಸುತ್ತುಗಳನ್ನು ಬಿಚ್ಚುವ ದಿನ, ಕುಟುಂಬದವರಿಗೂ ಸ್ವಾಗತ. ಸುತ್ತು ಎಬ್ಬಿಸುವ ಅಲಗು ಹಿಡಿಯುವವರ ಜಾಗದಲ್ಲಿ ಅವಳ ಹೆಸರಿತ್ತು. ತಂಡದಲ್ಲಿ ಅತ್ಯಂತ ಸ್ಥಿರವಾದ ಕೈ ಅವಳದು ಎಂದು ಎಲ್ಲರೂ ಒಪ್ಪಿದ್ದರಂತೆ.

ಅವಳು ಮತ್ತೆ ಆ ಕೋಣೆಗೆ ಹೋದಳು. ಮುಖ್ಯಸ್ಥನಿಗೆ ನಿಜಕ್ಕೂ ಗೊಂದಲವಾಯಿತು. ನಾನು ಅವನನ್ನು ಹಲವು ಸಲ ಭೇಟಿಯಾಗಿದ್ದೇನೆ, ನಾಟಕ ಆಡುವ ಮನುಷ್ಯನಲ್ಲ. ನೀನು ನಿನ್ನ ಆತಂಕ ಹೇಳಿಕೊಂಡೆ, ನಾನು ಕೇಳಿದೆ ಎಂದ. ಆದರೆ ಮೇಜಿನ ಮುಂದೆ ಕೇಳಿದಾಗ ನೀನು ಬೇಡವೆನ್ನಲಿಲ್ಲ. ಎಲ್ಲರೂ ಕೂತು ಒಪ್ಪಿದ್ದನ್ನು ನಾವಿಬ್ಬರು ಬಾಗಿಲು ಹಾಕಿಕೊಂಡು ಬದಲಿಸಿದರೆ ಉಳಿದವರಿಗೆ ಮೋಸ ಮಾಡಿದಂತಲ್ಲವೇ? ಬೇಕಿದ್ದರೆ ಮುಂದಿನ ಸಭೆಯಲ್ಲಿ ಎತ್ತು ಎಂದ.

ಅವಳು ಎತ್ತಿದಳು. ಎಲ್ಲರೆದುರು, ನಿಂತು, ಚಿತ್ರಗಳನ್ನು ಗೋಡೆಯ ಮೇಲೆ ತೋರಿಸಿ, ಇದು ತಪ್ಪು ಎಂದಳು. ಒಬ್ಬರೂ ಅವಳ ಲೆಕ್ಕ ತಪ್ಪೆನ್ನಲಿಲ್ಲ. ಕೊನೆಗೆ ಸಂರಕ್ಷಣೆಯ ಕೆಲಸದ ಹಿರಿಯ ಮಹಿಳೆ, ಜೆಲ್ ಬಂದಾಗಿದೆ, ಅತಿಥಿಗಳನ್ನು ಕರೆದಾಗಿದೆ ಎಂದರು. ಆಮೇಲೆ, ನೋಯಿಸುವ ಉದ್ದೇಶ ಎಳ್ಳಷ್ಟೂ ಇಲ್ಲದೆ, ಕೇಳಿದರು: ಅವತ್ತೇ ಯಾಕೆ ಹೇಳಲಿಲ್ಲ?

"ಅದನ್ನ ಕೇಳಿ ನಾ ಗ್ವಾಡೀ ಮ್ಯಾಲಿನ ಚಿತ್ರಾ ಆರಿಸಿ ಕೂತೆರೀ" ಎಂದಳು ಮನೆಗೆ ಬಂದು. "ನೀವು ದೊಡ್ಡವರು ಅಂತ ಸುಮ್ಮನಿದ್ದೆ ಅಂದ್ರ ಅವರಿಗೆ ಬೈದ್ಹಂಗ ಆಗ್ತದ."

ತೀರ್ಮಾನ ಹಾಗೆಯೇ ಉಳಿಯಿತು.

"ನೀ ಅಲಗು ಹಿಡಿಯೂದಿಲ್ಲ ಅಂತ ಹೇಳು" ಎಂದೆ.

"ನಾ ಹಿಡೀಲಿಲ್ಲಂದ್ರ ಬ್ಯಾರೆದವರು ಹಿಡೀತಾರ. ಎಲ್ಲಿ ಅಂಟ್ಯದ ಅಂತ ಅವರಿಗೆ ಗೊತ್ತಿಲ್ಲ. ನನಗ ಗೊತ್ತದ."

ಬಿಚ್ಚುವ ದಿನ ನಾನೂ ಮಗಳೂ ಹೋಗಿದ್ದೆವು. ನೆಲಮಾಳಿಗೆಯ ಕೋಣೆ. ಗಾಳಿ ಅಲುಗದಂತೆ ಬಾಗಿಲು ಮುಚ್ಚಿದ್ದರು. ಅತಿಥಿಗಳು ಗೋಡೆಯ ಪಕ್ಕ ನಿಂತಿದ್ದರು, ಕೆಮ್ಮು ಬಂದವರು ತೋಳಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಸುರುಳಿ ಒಂದು ಮೆತ್ತನೆಯ ಹಾಸಿನ ಮೇಲಿತ್ತು. ಒಲೆಯಲ್ಲಿ ಮರೆತು ಕರಕಾದ ಬದನೆಕಾಯಿಯಷ್ಟು ದೊಡ್ಡದು. ನನ್ನ ಹೆಂಡತಿ ದೀಪದ ಕೆಳಗೆ ಬಗ್ಗಿ, ಜೆಲ್ ಹಚ್ಚಿದ ಅಂಚಿನೊಳಗೆ ಬಿದಿರಿನ ತೆಳು ಅಲಗನ್ನು ತೂರಿಸಿದಳು. ಅವಳು ಉಸಿರು ಬಿಡುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಮೊದಲ ಸುತ್ತು ಎದ್ದಿತು. ಅಡ್ಡ ಬೆಳಕಿನಲ್ಲಿ ಕಪ್ಪಿನ ಮೇಲೆ ಹೊಳೆಯುವ ಕಪ್ಪು ಗೆರೆಗಳು ಕಂಡವು. ಗ್ರೀಕ್ ಅಕ್ಷರಗಳು. ಯಾರೋ ಮೆಲ್ಲಗೆ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಎರಡನೆಯ ಸುತ್ತಿನ ಅರ್ಧಕ್ಕೆ ಬಂದಾಗ ಅವಳು ನಿಂತು, ಮುಖ್ಯಸ್ಥನ ಕಡೆ ನೋಡಿ, ಇಲ್ಲಿಗೆ ಸಾಕು ಎಂದಳು. ಈ ಸಲ ಆ ಕ್ಷಣದಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದಳು. ಅವನು ತಲೆಯಾಡಿಸಿದ, ಸಾಕು ಎಂದ. ಅವಳು ಅಲಗನ್ನು ಹೊರಗೆ ತೆಗೆದಳು. ಹಪ್ಪಳ ಮುರಿದಂಥ ಸದ್ದಾಯಿತು. ಅವಳ ಕೈ ಆಗ ಸುರುಳಿಯ ಮೇಲೆ ಇರಲಿಲ್ಲ. ಎಲ್ಲಿಂದ ಒಡೆಯುತ್ತದೆ ಎಂದು ಅವಳು ಚಿತ್ರದಲ್ಲಿ ತೋರಿಸಿದ್ದಳೋ ಅಲ್ಲಿಂದಲೇ ಉದ್ದಕ್ಕೆ ಬಿರುಕು ಓಡಿ, ಒಳಗಿನ ಸುತ್ತುಗಳು ಹಾಸಿನ ಮೇಲೆ ಚೂರುಚೂರಾಗಿ ಬಿದ್ದವು.

"ಓಯ್" ಎಂದ ಮುಖ್ಯಸ್ಥ. ಹಾಲು ಚೆಲ್ಲಿದರೂ ಟ್ರಾಮ್ ತಪ್ಪಿದರೂ ಇಲ್ಲಿಯವರು ಹೇಳುವ ಮಾತು ಅದು. ಸ್ವಲ್ಪ ಹೊತ್ತಿನ ಮೇಲೆ, ಎಲ್ಲರೂ ಮೇಲೆ ಹೋಗಿ ಫೀಕಾ ತೆಗೆದುಕೊಳ್ಳೋಣ ಎಂದ. ಹೋದೆವು. ದಾಲ್ಚಿನ್ನಿ ಬನ್ನು ಇತ್ತು. ನನ್ನ ಹೆಂಡತಿ ಬರಲಿಲ್ಲ. ಕೆಳಗೆ ಚೂರುಗಳನ್ನು ಬಿದ್ದ ಜಾಗದ ಪ್ರಕಾರ ತಟ್ಟೆಗೆ ಎತ್ತಿಡುತ್ತಿದ್ದಳು.

ಆಮೇಲೆ ಗ್ರೀಕ್ ಬಲ್ಲ ವಿದ್ವಾಂಸರೊಬ್ಬರು ಬಂದು ಚೂರುಗಳನ್ನು ವಾರಗಟ್ಟಲೆ ನೋಡಿದರು. ಅಲ್ಲೊಂದು ಇಲ್ಲೊಂದು ಅಕ್ಷರ ಸಿಕ್ಕಿತು. ಅನುಮಾನವಿಲ್ಲದೆ ಪೂರ್ತಿ ಓದಲಾದ ಪದ ಒಂದೇ. ಅದರ ಅರ್ಥ "ಮತ್ತು". ಅದರ ಹಿಂದೆ ಏನಿತ್ತು, ಮುಂದೆ ಏನಿತ್ತು, ಗೊತ್ತಿಲ್ಲ.

ಯೋಜನೆ ಹೇಳಿದ ಕಾಲಕ್ಕೆ ಮುಗಿಯಿತು. ಅವಳ ಕೆಲಸವೂ ಮುಗಿಯಿತು. ಅದರಲ್ಲಿ ಯಾರ ಹಗೆಯೂ ಇರಲಿಲ್ಲ; ಬೀಳ್ಕೊಡುವಾಗ ಹೂ ಕೊಟ್ಟರು. ವಸಂತದಲ್ಲಿ ದಕ್ಷಿಣದ ಊರಿನ ಯಂತ್ರದವರಿಂದ ಮೇಲ್ ಬಂತು. ನಿಮ್ಮ ಸರದಿ ಹತ್ತಿರ ಬಂದಿದೆ, ಮಾದರಿಯ ಅಳತೆ ತಿಳಿಸಿ ಎಂದಿತ್ತು. ಮಾದರಿ ಈಗ ಲಭ್ಯವಿಲ್ಲ ಎಂದು ಅವಳು ಒಂದೇ ಸಾಲು ಬರೆದಳು. ಕಾರಣ ಬರೆಯಲಿಲ್ಲ. ಅವರೂ ಕೇಳಲಿಲ್ಲ.

ಈಚಿನ ವರ್ಷಗಳಲ್ಲಿ ಬೇರೆ ದೇಶಗಳಲ್ಲಿ ಇಂಥವೇ ಸುಟ್ಟ ಸುರುಳಿಗಳನ್ನು ಬಿಚ್ಚದೆ, ಕಂಪ್ಯೂಟರಿನಲ್ಲೇ ಸುತ್ತು ಬಿಡಿಸಿ, ಸಾಲುಸಾಲಾಗಿ ಓದಿದ್ದಾರೆ. ಮೊದಲ ಸುದ್ದಿ ಬಂದ ದಿನ ಲಿಂಡ್‌ಹೋಲ್ಮೆನ್ ಗೆಳೆಯ ಅದನ್ನು ನನಗೆ ಕಳಿಸಿದ; ಅವಳಿಗೆ ಕಳಿಸಲು ಧೈರ್ಯವಾಗಲಿಲ್ಲವಂತೆ. ನಾನು ತೋರಿಸಿದೆ. ಕೊನೆಯ ಸಾಲಿನವರೆಗೂ ಓದಿದಳು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಹಿಟ್ಟು ನಾದಲು ಹೋದಳು. ಅಂದಿನ ಚಪಾತಿ ಬಹಳ ಮೆತ್ತಗೆ ಆಗಿದ್ದವು.

ಈಗ ಅವಳು ಎಸ್ಕಿಲ್‌ಸ್ಟುನಾದಲ್ಲಿ ಕೆಲಸ ಮಾಡುತ್ತಾಳೆ. ಮಣ್ಣು ಅಗೆಯುವ, ಕಲ್ಲು ಹೊರುವ ಭಾರಿ ಯಂತ್ರಗಳ ಊರು ಅದು. ಎರಕ ಹೊಯ್ದ ಕಬ್ಬಿಣದೊಳಗೆ ಕಣ್ಣಿಗೆ ಕಾಣದ ಬಿರುಕು ಇದೆಯೇ ಎಂದು ಎಕ್ಸ್‌ರೇಯಲ್ಲಿ ನೋಡುವುದು ಕೆಲಸ. ವಾರವಿಡೀ ಅಲ್ಲಿದ್ದು ವಾರಾಂತ್ಯಕ್ಕೆ ರೈಲಿನಲ್ಲಿ ಬರುತ್ತಾಳೆ. ಅಲ್ಲಿಯ ಸಭೆಗಳಲ್ಲಿ ಮೊದಲು ಬಾಯಿ ಬಿಡುವವಳು ಅವಳೇ. ಇದು ಆಗುವುದಿಲ್ಲ, ಇದು ತಪ್ಪು ಎಂದು ಎಲ್ಲರೆದುರು ಹೇಳಿಬಿಡುತ್ತಾಳೆ. ಹೋದ ವರ್ಷ ಅವಳ ಮ್ಯಾನೇಜರ್ ಅವಳನ್ನು ಪ್ರತ್ಯೇಕವಾಗಿ ಕರೆದು, ಕೆಲವು ಮಾತನ್ನು ಹೀಗೆ ಒಬ್ಬರೇ ಇದ್ದಾಗ ಹೇಳಿದರೂ ನಡೆಯುತ್ತದೆ ಎಂದು ಸೌಮ್ಯವಾಗಿ ತಿಳಿಸಿದನಂತೆ. ಅವಳು ಅದನ್ನು ನಗದೆ ಹೇಳಿದಳು. ನಾನೂ ನಗಲಿಲ್ಲ.

ಸಂಗ್ರಹಾಲಯದ ಪ್ರದರ್ಶನದ ಒಂದು ಭಾಗವನ್ನು ಕಾಯಂ ಆಗಿ ಉಳಿಸಿಕೊಂಡಿದ್ದಾರೆ. ಈ ಬೇಸಗೆಯಲ್ಲಿ ಮಗಳ ಶಾಲೆಯ ಕೆಲಸಕ್ಕೆಂದು ಅಲ್ಲಿಗೆ ಹೋಗಬೇಕಾಯಿತು. ಹೆಂಡತಿ ಟ್ರಾಮ್ ನಿಲ್ದಾಣದವರೆಗೆ ಬಂದು, ನೀವು ಹೋಗಿ ಬರ್ರಿ ಎಂದು ಬೆಂಚಿನ ಮೇಲೆ ಕೂತಳು.

ಗಾಜಿನ ಹಿಂದೆ ಮೂರೂ ಇದ್ದವು. ಡಬ್ಬಿಯ ತಳದ ಪುಡಿ. ಎರಡನೆಯದರ ಪಟ್ಟಿಗಳು. ಮೂರನೆಯದರ ಚೂರುಗಳು, ಅವಳು ಎತ್ತಿಟ್ಟ ಕ್ರಮದಲ್ಲೇ. ಪಕ್ಕದಲ್ಲಿ ಒಂದು ಫಲಕ. ಮಗಳು ಸ್ವೀಡಿಷ್‌ನಲ್ಲಿ ಓದಿ, ನಾನು ಕೇಳಿದ್ದರಿಂದ, ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು:

"ಮೊದಲನೇದು ಚಾಕುವಿಂದ ಓಪನ್ ಮಾಡಿದ್ದು. ಎರಡನೇದು ರೇಷ್ಮೆ ದಾರದಿಂದ. ಮೂರನೇದು ತಂಡದವರೆಲ್ಲ ಸೇರಿ ತೀರ್ಮಾನ ಮಾಡಿ, ಜೆಲ್ ಹಾಕಿ ಓಪನ್ ಮಾಡಿದ್ದು. ಅಷ್ಟೇ ಅಪ್ಪ."

"ಇನ್ನೊಮ್ಮೆ ಓದು."

"ಯಾಕೆ? ಸರಿಯಾಗೇ ಓದಿದೆ."

ಇನ್ನೊಮ್ಮೆ ಓದಿದಳು. ಚಿತ್ರಗಳ ಅಡಿಬರಹದಲ್ಲಿ ತಪ್ಪು ಹುಡುಕುವುದೇ ವರ್ಷಗಟ್ಟಲೆ ನನ್ನ ಕೆಲಸವಾಗಿತ್ತು. ಅದರಲ್ಲಿ ತಿದ್ದುವಂಥದ್ದು ಒಂದು ಪದವೂ ಇರಲಿಲ್ಲ.

ನಿಲ್ದಾಣಕ್ಕೆ ವಾಪಸು ಬಂದಾಗ ಹೆಂಡತಿ ಕೇಳಿದಳು, "ಏನ ಬರದಾರ?"

ಹೇಳಿದೆ.

"ಖರೇನ ಬರದಾರಲ್ರೀ. ಅವತ್ತ ಆ ಮೇಜಿನ ಮುಂದ ನಾನೂ ಕೂತಿದ್ನಲ್ಲಾ" ಎಂದು ಎದ್ದು, ಮಗಳ ಬೆನ್ನಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಟ್ರಾಮ್ ಹತ್ತಿದಳು.